ನಾಟಿ ಕುಂಬಳದ ವಂಶಾವಳಿ

ತ್ಯಾವಣಿಗೆ ಸೀಮೆಯಲ್ಲಿ ಕುಂಬಳಕಾಯಿ ಕೊಳ್ಳುವವರ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ನಾಟಿಯೋ, ಹೈಬ್ರಿಡ್ಡೋ? ಮಾರುವಾಕೆ ‘ನಮ್ ಹಿತ್ತಲದ್ದೇ ಕಣಣ್ಣ, ನಾಟಿ’ ಅಂದರೆ ಮುಂದಿನ ಚೌಕಾಸಿ ಅರ್ಧಕ್ಕೇ ನಿಲ್ಲುತ್ತದೆ. ಆ ಒಂದು ಮಾತಿನಲ್ಲಿ ಕೊಳ್ಳುವವನು ಎಷ್ಟೆಲ್ಲ ಕೇಳಿಸಿಕೊಳ್ಳುತ್ತಾನೆ ನೋಡಿ: ಈ ಕಾಯಿ ಅನಾದಿ ಕಾಲದಿಂದ ನಮ್ಮ ನೆಲದ್ದು, ಬೆರಕೆಯಾಗದೆ ಬಂದದ್ದು, ಅದಕ್ಕೇ ಇಷ್ಟು ರುಚಿ. ಪತ್ರಿಕೆಗಳ ಆಹಾರದ ಅಂಕಣಗಳೂ ಸಾವಯವ ಮೇಳಗಳ ಭಾಷಣಗಳೂ ಇದನ್ನೇ ಹೇಳಿ ಹೇಳಿ ಗಟ್ಟಿ ಮಾಡಿವೆ. ನನ್ನ ತಕರಾರು ನಾಟಿ ಕುಂಬಳದ ಮೇಲಲ್ಲ, ಅದನ್ನು ಹೊಗಳಲು ನಾವು ಆರಿಸಿಕೊಂಡಿರುವ ಕಾರಣಗಳ ಮೇಲೆ.

ಮೊದಲು ಅನಾದಿ ಕಾಲದ ಮಾತು. ಪಲ್ಯಕ್ಕೆ, ಕಡುಬಿಗೆ, ಗಾರಿಗೆಗೆ ನಾವು ಹೆಚ್ಚುವ ಸಿಹಿಗುಂಬಳ ಅಮೆರಿಕ ಖಂಡದ್ದು. ಮೆಕ್ಸಿಕೊದ ವಹಾಕಾ ಪ್ರಾಂತದ ಗಿಲಾ ನಾಕಿಟ್ಸ್ ಗುಹೆಯಲ್ಲಿ ಸಿಕ್ಕ ಕುಂಬಳದ ಬೀಜಗಳಿಗೆ ಸುಮಾರು 10,000 ವರ್ಷ ವಯಸ್ಸು. ಅಲ್ಲಿಯವರು ಮೆಕ್ಕೆಜೋಳಕ್ಕಿಂತಲೂ ಮೊದಲು ಪಳಗಿಸಿದ ಬೆಳೆ ಅದು. ನಮ್ಮ ಕಡೆಗೆ ಬಂದದ್ದು ಪೋರ್ಚುಗೀಸರು ಸಮುದ್ರದ ದಾರಿ ಕಂಡುಕೊಂಡ ಮೇಲೆ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದಿಳಿದದ್ದು 1498ರಲ್ಲಿ, ಗೋವಾ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ. ಹದಿನಾರನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದ ಮೂರನೆಯ ಮಂಗರಸನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರದ ಹಾಗೆಯೇ ಸಿಹಿಗುಂಬಳವೂ ಇದ್ದಿರಲಾರದು. ಇದನ್ನು ಒಪ್ಪದವರು ಸೋಮನಾಥಪುರದತ್ತ ಬೊಟ್ಟು ಮಾಡುವುದುಂಟು. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ ಎಂದು 1989ರಲ್ಲಿ ಅಮೆರಿಕದ ಇಬ್ಬರು ಬರೆದಿದ್ದರು. ಅದು ತೆನೆಯಲ್ಲ, ಬೇರೊಂದು ಫಲವೋ ಮುತ್ತಿನ ಗೊಂಚಲೋ ಎಂದು ಉಳಿದವರು ಉತ್ತರ ಕೊಟ್ಟರು. ಆ ಜಗಳ ಕಲ್ಲಿನ ತೆನೆಯದ್ದು. ಅದರ ಬಲದ ಮೇಲೆ ಕುಂಬಳಕ್ಕೆ ಪುರಾತನ ಪಟ್ಟ ಕಟ್ಟಲು ಬರುವುದಿಲ್ಲ.

ಕುಂಬಳಗಳಲ್ಲಿ ನಿಜಕ್ಕೂ ಈ ಕಡೆಯ ಹಳಬ ಬೂದುಗುಂಬಳ. ಅದು ಏಷ್ಯಾದ್ದು, ಸಿಹಿಗುಂಬಳಕ್ಕೆ ದೂರದ ನೆಂಟ ಮಾತ್ರ. ಕುಲವೇ ಬೇರೆ, ಎರಡೂ ಒಂದೇ ಚಪ್ಪರದ ಮೇಲೆ ಹಬ್ಬಿದರೂ ಕೂಡಿ ಕಾಯಿ ಕಟ್ಟುವುದಿಲ್ಲ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಅನ್ನುತ್ತೇವಲ್ಲ, ಆ ಕಳ್ಳ ಹೊತ್ತದ್ದು ಇದನ್ನೇ. ಸಿಹಿಗುಂಬಳ ಹೊತ್ತಿದ್ದರೆ ಹೆಗಲಿಗೆ ಏನೂ ಅಂಟುತ್ತಿರಲಿಲ್ಲ. ಬೂದುಗುಂಬಳದ ಸಿಪ್ಪೆಯ ಮೇಲಿನ ಬಿಳಿ ಪುಡಿ ಒಂದು ಬಗೆಯ ಮೇಣ. ಅದರ ದೆಸೆಯಿಂದಲೇ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದೆ ಕೂರುತ್ತದೆ. ಇಂಥ ಹಳಬನಿಗೆ ನಾವು ಕೊಟ್ಟಿರುವ ಮರ್ಯಾದೆಯನ್ನು ಆಯುಧಪೂಜೆಯ ಮರುದಿನ ಯಾವ ಊರಿನ ರಸ್ತೆಯಲ್ಲಾದರೂ ನೋಡಬಹುದು. ಕುಂಕುಮ ತುಂಬಿ ಒಡೆದ ಹೋಳುಗಳು, ಅವುಗಳ ಮೇಲೆ ಜಾರುವ ಬೈಕುಗಳು. ಹೊಸ ಮನೆಗೆ ದೃಷ್ಟಿ ತೆಗೆಯಲು ಅದು ಬೇಕು, ಸಿನಿಮಾ ಶೂಟಿಂಗ್ ಮುಗಿಸಲು ಬೇಕು. ಹುಳಿಗೆ, ಮಜ್ಜಿಗೆಹುಳಿಗೆ, ಸಂಡಿಗೆಗೆ, ಕಾಶಿ ಹಲ್ವಕ್ಕೆ ಮಾತ್ರ ಮದುವೆ ಅಡುಗೆಯವರು ನೆನಪಿಸಿಕೊಳ್ಳಬೇಕು. ಊರಿನವನನ್ನು ಬೀದಿಯಲ್ಲಿ ಒಡೆದು, ಹಡಗಿನಲ್ಲಿ ಬಂದವನನ್ನು ‘ನಮ್ಮ ನಾಟಿ’ ಎಂದು ಒಳಮನೆಯಲ್ಲಿ ಕೂರಿಸಿದ್ದೇವೆ. ನಾಟಿ ಪಕ್ಷಪಾತಿಗಳಲ್ಲಿ ಯಾರಿಗೂ ಇದು ವಿಚಿತ್ರ ಅನಿಸಿದಂತಿಲ್ಲ.

ಬಂದವನು ನಾಲ್ಕೈದು ನೂರು ವರ್ಷದಲ್ಲಿ ಊರಿನವನಾಗಬಾರದೇ? ಖಂಡಿತ ಆಗಬಹುದು. ಚನ್ನಗಿರಿ ತಾಲ್ಲೂಕಿನ ನಾವೇ 1997ರವರೆಗೆ ಶಿವಮೊಗ್ಗ ಜಿಲ್ಲೆಯವರಾಗಿದ್ದು ಈಗ ದಾವಣಗೆರೆಯವರಾಗಿಲ್ಲವೆ? ಆದರೆ ಆ ರಿಯಾಯಿತಿಯನ್ನು ಒಬ್ಬನಿಗೆ ಕೊಟ್ಟು ಅವನ ಒಡಹುಟ್ಟಿದವನಿಗೆ ಬಾಗಿಲು ಹಾಕುವುದು ಸರಿಯಲ್ಲ. ನಗರದ ಮಾಲುಗಳಲ್ಲಿ ಬಟರ್‌ನಟ್ ಎಂಬ ಕತ್ತುಳ್ಳ, ಮಣ್ಣುಬಣ್ಣದ ಸ್ಕ್ವಾಷ್ ಸಿಗುತ್ತದೆ. ನೋಡಿದವರು ‘ಫಾರಿನ್ ತರಕಾರಿ’ ಎಂದು ಮುಂದೆ ಹೋಗುತ್ತಾರೆ. ಅದು ನಮ್ಮ ಹಿತ್ತಲಿನ ಮಚ್ಚೆ ಮಚ್ಚೆಯ ಸಿಹಿಗುಂಬಳದ ಜಾತಿಯೇ: ಕುಕುರ್ಬಿಟಾ ಮೊಸ್ಕಾಟಾ.

ಗುರುತು ಹಿಡಿಯಲು ಪುಸ್ತಕ ಬೇಡ, ತೊಟ್ಟು ನೋಡಿದರೆ ಸಾಕು. ಗಟ್ಟಿಯಾಗಿ, ಐದು ಏಣು ಎದ್ದು, ಕಾಯಿಗೆ ತಾಗುವಲ್ಲಿ ಗಂಟೆಯ ಬಾಯಿಯ ಹಾಗೆ ಅಗಲವಾಗಿದ್ದರೆ ಮೊಸ್ಕಾಟಾ. ಎಲೆಯ ಮೇಲೆ ನರಗಳು ಸೇರುವಲ್ಲಿ ಬೆಳ್ಳಿಮಚ್ಚೆ ಇದ್ದರೆ ಇನ್ನೂ ಖಾತ್ರಿ. ತೊಟ್ಟು ದುಂಡಗೆ, ದಪ್ಪಗೆ, ಉಗುರು ನೆಟ್ಟರೆ ಇಳಿಯುವಂತಿದ್ದರೆ ಅದು ದಕ್ಷಿಣ ಅಮೆರಿಕದಿಂದ ಬಂದ ಮ್ಯಾಕ್ಸಿಮಾ. ಪಂದ್ಯಗಳಲ್ಲಿ ಕ್ರೇನ್ ಹಾಕಿ ಎತ್ತುವ ದೈತ್ಯ ಕುಂಬಳಗಳು ಈ ಜಾತಿಯವು. ತೊಟ್ಟಿನಲ್ಲಿ ಏಣೂ ಗೀರೂ ಇದ್ದು ಬುಡ ಅಗಲವಾಗದಿದ್ದರೆ, ಎಲೆ ದಂಟು ಕೈಗೆ ಚುಚ್ಚಿದರೆ ಪೆಪೊ. ಎಳೆಯದಾಗಿ ಕೊಯ್ಯುವ ಜುಕಿನಿಯೂ ಅಮೆರಿಕದವರು ಹ್ಯಾಲೊವೀನ್‌ಗೆ ಮುಖ ಕೆತ್ತುವ ಕುಂಬಳವೂ ಇದರಲ್ಲೇ ಬರುತ್ತವೆ. ಅಂದರೆ ಜುಕಿನಿ ನಮ್ಮ ನಾಟಿಗೆ ದಾಯಾದಿಯಾದರೆ ಬಟರ್‌ನಟ್ ಒಡಹುಟ್ಟಿದ್ದು. ಅವೆರಡನ್ನೂ ಒಂದೇ ಬುಟ್ಟಿಗೆ ಹಾಕಿ ‘ಸ್ಕ್ವಾಷ್’ ಎಂದು ಬರೆದು, ನಾಟಿಯನ್ನು ಪಕ್ಕದ ಬುಟ್ಟಿಯಲ್ಲಿಟ್ಟದ್ದು ಅಂಗಡಿಯವನ ವಿಂಗಡಣೆ, ಬಳ್ಳಿಯದ್ದಲ್ಲ.

ಈ ಒಡಹುಟ್ಟು ‘ಬೆರಕೆಯಿಲ್ಲದ್ದು’ ಎಂಬ ಎರಡನೆಯ ಹೆಮ್ಮೆಯನ್ನೂ ಉರುಳಿಸುತ್ತದೆ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಕೆಳಗೆ ಹೀಚು ಮೊದಲೇ ಕೂತಿರುತ್ತದೆ. ಬೆಳಗಿನ ಜಾವ ಅರಳಿದ ಹೂವು ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ; ಅಷ್ಟರೊಳಗೆ ಜೇನು ಬಂದು ಹೋಗಬೇಕು. ಜೇನಿಗೆ ಮನೆಮನೆಯ ಬೇಲಿ ಲೆಕ್ಕಕ್ಕಿಲ್ಲ. ಪ್ರಮಾಣಿತ ಬೀಜ ಬೆಳೆಯುವವರು ಅದೇ ಜಾತಿಯ ಬೇರೆ ತಳಿಯಿಂದ ಕನಿಷ್ಠ ಅರ್ಧ ಕಿಲೊಮೀಟರ್ ದೂರ ಬಿಡಬೇಕೆಂದು ನಿಯಮವಿದೆ. ತ್ಯಾವಣಿಗೆಯಂಥ ಊರಿನಲ್ಲಿ ಒಂದು ಹಿತ್ತಲಿಗೂ ಇನ್ನೊಂದಕ್ಕೂ ನಡುವೆ ಇರುವುದು ಒಂದು ಗೋಡೆ. ಹಾಗಿರುವಾಗ ಇಲ್ಲಿನ ಕುಂಬಳ ನೂರಾರು ವರ್ಷ ಶುದ್ಧವಾಗಿ ಉಳಿಯುವುದು ಸಾಧ್ಯವೇ ಇರಲಿಲ್ಲ. ಒಂದೇ ಕೇರಿಯಲ್ಲಿ ಚಪ್ಪಟೆ ಕಾಯಿ, ಗುಂಡು ಕಾಯಿ, ಕತ್ತಿನ ಕಾಯಿ, ಹಸಿರು ಮಚ್ಚೆಯದ್ದು, ಬೂದಿ ಬಣ್ಣಕ್ಕೆ ತಿರುಗಿದ್ದು ಎಲ್ಲ ಕಾಣುವುದು ಈ ಬೆರಕೆಯಿಂದಲೇ. ಶುದ್ಧವಾಗಿದ್ದರೆ ಅಷ್ಟು ಬಗೆ ಎಲ್ಲಿಂದ ಬರಬೇಕಿತ್ತು?

ಹಾಗಾದರೆ ನಾಟಿ ಎಂಬುದೇ ಸುಳ್ಳೆ? ಅಲ್ಲ. ಅದು ವಂಶದ ವಿಷಯವಲ್ಲ, ಕೆಲಸದ ವಿಷಯ. ಮನೆಯಲ್ಲಿ ಕಾಯಿ ಕೊಯ್ದಾಗ ತಿರುಳಿನ ಬಣ್ಣ ನೋಡಿ, ಬೇಯಿಸಿ ತಿಂದು, ‘ಇದರ ಬೀಜ ಬಿಸಾಡಬೇಡ್ರೇ’ ಎನ್ನುವ ಅಜ್ಜಿಯೇ ತಳಿ ಮಾಡಿದವಳು. ತೊಳೆದ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಇಲ್ಲವೇ ಸಗಣಿಯಲ್ಲಿ ಒತ್ತಿ ಗೋಡೆಗೆ ತಟ್ಟಿ, ಮುಂಗಾರಿಗೆ ತಿಪ್ಪೆಯ ಅಂಚಿನಲ್ಲಿ ಊರುತ್ತಿದ್ದಳು. ಸಂಶೋಧನಾ ಕೇಂದ್ರದ ತಳಿ ಇಳುವರಿಯ ಪಟ್ಟಿಯಲ್ಲಿ ಪಾಸಾಗಬೇಕು. ಇವಳದ್ದು ಊಟದ ತಟ್ಟೆಯಲ್ಲಿ. ಆದರೂ ಇದನ್ನು ಪವಾಡ ಮಾಡಬಾರದು. ತಿಂದು ಆರಿಸಿದ ಕಾಯಿಯಿಂದ ಗೊತ್ತಾಗುವುದು ತಾಯಿಯ ಗುಣ ಮಾತ್ರ; ಬೀಜದೊಳಗಿನ ತಂದೆ ಯಾರ ಹಿತ್ತಲಿನವನೋ ಜೇನಿಗೇ ಗೊತ್ತು. ಅದಕ್ಕೇ ಮುಂದಿನ ವರ್ಷದ ಕಾಯಿ ಒಮ್ಮೊಮ್ಮೆ ಸಪ್ಪೆಯಾಗುತ್ತದೆ. ಖಾತ್ರಿ ಬೇಕೆಂದರೆ ಅರಳುವ ಹಿಂದಿನ ಸಂಜೆ ಎರಡೂ ಮೊಗ್ಗಿಗೆ ದಾರ ಸುತ್ತಿ, ಬೆಳಿಗ್ಗೆ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಿ ಮತ್ತೆ ಕಟ್ಟಬೇಕು. ಹತ್ತು ನಿಮಿಷದ ಕೆಲಸ. ನಾಟಿಯ ಮೇಲೆ ಗಂಟೆಗಟ್ಟಲೆ ಮಾತಾಡುವ ವೇದಿಕೆಗಳಲ್ಲಿ ಇದನ್ನು ಮಾಡಿ ತೋರಿಸುವವರು ಕಡಿಮೆ.

ಇಲ್ಲಿಗೆ ನಾಟಿವಾದಿಗಳಿಗೆ ಸಿಟ್ಟು ಬರುವ ಮಾತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ಎರಡು ಮೂರು ಕಿಲೊ ತೂಗುವ ಮೊಸ್ಕಾಟಾ. ‘ಅರ್ಕಾ ಸೂರ್ಯಮುಖಿ’ ಕಿತ್ತಳೆ ಬಣ್ಣದ ಮೇಲೆ ಬಿಳಿ ಗೆರೆಯ ಪುಟ್ಟ ಮ್ಯಾಕ್ಸಿಮಾ. ಎರಡೂ ಹೈಬ್ರಿಡ್ ಅಲ್ಲ, ಬೀಜ ತೆಗೆದಿಟ್ಟು ಮತ್ತೆ ಬಿತ್ತಬಹುದು. ಅರ್ಕಾ ಚಂದನ್ ಬೀಜವನ್ನು ಒಂದು ಮನೆ ಇಪ್ಪತ್ತು ವರ್ಷ ತಿಂದು, ಆರಿಸಿ, ಉಳಿಸಿಕೊಂಡು ಬಂದರೆ ಅದು ತ್ಯಾವಣಿಗೆಯ ನಾಟಿಯೇ. ವರ್ಷ ವರ್ಷ ಪ್ಯಾಕೆಟ್ ಒಡೆದು ಬಿತ್ತುವ ಹೈಬ್ರಿಡ್ ಹಾಗಾಗದು. ಅದರ ಬೀಜ ಮರುವರ್ಷ ಚೆಲ್ಲಾಪಿಲ್ಲಿ ಒಡೆಯುತ್ತದೆ, ರೈತ ಮತ್ತೆ ಅಂಗಡಿಗೇ ಹೋಗಬೇಕು. ನಾಟಿವಾದಿಗಳ ಭಯದಲ್ಲಿ ನ್ಯಾಯವಿರುವುದು ಇಲ್ಲಿ, ಇಷ್ಟರಲ್ಲಿ ಮಾತ್ರ. ಹಾಗೆಂದು ಎಲ್ಲಕ್ಕೂ ಎರಡು ಕಿಲೊದ ಕಾಯಿಯೇ ಸುಧಾರಣೆ ಎನ್ನುವವರ ಪರವೂ ನಾನಿಲ್ಲ. ನಾಲ್ಕು ಜನರ ಮನೆಗೆ ಅದು ಸರಿ. ಜಾತ್ರೆಯ ದಾಸೋಹಕ್ಕೆ ಹತ್ತು ಕಿಲೊದ ಕಾಯಿ ಇಲ್ಲದಿದ್ದರೆ ಸಿಪ್ಪೆ ಹೆರೆಯುವವರ ಕೈ ಬಿದ್ದುಹೋಗುತ್ತದೆ.

ರುಚಿಯ ಮಾತಿಗೆ ಬಂದರೆ ಗುಟ್ಟು ಸರಳ. ತೊಟ್ಟು ಒಣಗುವವರೆಗೆ ಬಳ್ಳಿಯಲ್ಲಿ ಬಿಟ್ಟು, ಕೊಯ್ದ ಮೇಲೆ ಕೆಲವು ವಾರ ಗಾಳಿಯಾಡುವಲ್ಲಿ ಇಟ್ಟರೆ ತಿರುಳಿನ ಪಿಷ್ಟ ಸಕ್ಕರೆಯಾಗುತ್ತದೆ. ಹಿತ್ತಲಿನ ಕಾಯಿಗೆ ಆ ಪುರುಸೊತ್ತು ತಾನಾಗಿಯೇ ಸಿಗುತ್ತಿತ್ತು, ಅಟ್ಟಕ್ಕೆ ಹಾಕಿ ಮರೆಯುತ್ತಿದ್ದರು. ಲಾರಿಗೆ ಹೊಂದಿಸಿ ಅವಸರದಲ್ಲಿ ಕೊಯ್ದ ಕಾಯಿ ಯಾವ ತಳಿಯದಾದರೂ ನೀರುನೀರು. ತಪ್ಪು ಕೊಯ್ಲಿನದ್ದು, ಬೈಗುಳ ತಿನ್ನುವುದು ತಳಿ.

ಜಗಳೂರಿನ ಕಡೆ, ಹೊನ್ನಾಳಿಯ ಮಳೆಯಾಶ್ರಿತ ಹೊಲಗಳ ಕಡೆ ಹೋದರೆ ಕಣ್ಣು ಹಾಯುವಷ್ಟೂ ಮೆಕ್ಕೆಜೋಳ. ಬದುವಿನಲ್ಲಿ ಎಲ್ಲೋ ಒಂದು ಕುಂಬಳದ ಬಳ್ಳಿ, ಅಕ್ಕಡಿ ಸಾಲಿನಲ್ಲಿ ತೊಗರಿ. ಮೆಕ್ಸಿಕೊದ ರೈತರು ಸಾವಿರಾರು ವರ್ಷ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಬೆಳೆದವರು. ದಂಟು ಹುರುಳಿಬಳ್ಳಿಗೆ ಊರೆಗೋಲು, ಹುರುಳಿಬಳ್ಳಿಯಿಂದ ಮಣ್ಣಿಗೆ ಸಾರಜನಕ, ಕುಂಬಳದ ಅಗಲ ಎಲೆಯ ನೆರಳಿಗೆ ಕಳೆ ಅಡಗುತ್ತದೆ. ಅವರ ಎರಡು ಬೆಳೆ ಬೇರೆ ಬೇರೆ ಕಾಲಕ್ಕೆ ಸಮುದ್ರ ದಾಟಿ ಬಂದು ದಾವಣಗೆರೆ ಜಿಲ್ಲೆಯ ಹೊಲದಲ್ಲಿ ಮತ್ತೆ ಜೊತೆಯಾಗಿವೆ. ಸೀಗೆ ಹುಣ್ಣಿಮೆಯಲ್ಲಿ ಭೂಮಿತಾಯಿಗೆ ಎಡೆ ಇಡುವಾಗ ಕುಂಬಳದ ಪಲ್ಯವನ್ನು ಹೊರಗಿನದ್ದೆಂದು ಯಾರೂ ಬದಿಗಿಟ್ಟಿಲ್ಲ.

ನಾಟಿ ಕುಂಬಳಕ್ಕೆ ಈಗ ಬಂದಿರುವ ಕುತ್ತು ಜುಕಿನಿಯಿಂದಲ್ಲ, ಬಟರ್‌ನಟ್‌ನಿಂದಲೂ ಅಲ್ಲ. ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿ ತಾಲ್ಲೂಕಿನಲ್ಲಿ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಮನೆಯ ಗೋಡೆಗೆ ತಾಗುವವರೆಗೂ ಗುಂಡಿ ತೆಗೆಯುವವರಿದ್ದಾರೆ. ಒಂಬತ್ತು ಅಡಿಗೊಂದು ಸಸಿ. ಮೊದಲ ಮೂರು ನಾಲ್ಕು ವರ್ಷ ಸಾಲಿನ ನಡುವೆ ಬಿಸಿಲು ಬೀಳುತ್ತದೆ, ಆಗ ಕುಂಬಳ ಹಾಕಿದರೆ ಚೆನ್ನಾಗಿಯೇ ಹಬ್ಬುತ್ತದೆ. ಆಮೇಲೆ ನೆರಳು ಕೂಡುತ್ತದೆ, ಬಳ್ಳಿ ಎಲೆ ಬಿಟ್ಟರೂ ಕಾಯಿ ಹಿಡಿಯುವುದಿಲ್ಲ. ಹಸು ಮಾರಿದ ಮನೆಯಲ್ಲಿ ತಿಪ್ಪೆಯೂ ಇಲ್ಲ. ಬೀಜ ಉಳಿಸುವುದು ಹೇಗೆಂದು ಬಲ್ಲ ಅಜ್ಜಿಯಂದಿರು ಇನ್ನೂ ಇದ್ದಾರೆ, ಅವರಿಗೆ ಬೇಕಿರುವುದು ಬಿಸಿಲು ಬೀಳುವ ಒಂದು ಗುಂಟೆ ಜಾಗ. ಆ ಗುಂಟೆಯಲ್ಲೂ ಹನ್ನೆರಡು ಹದಿಮೂರು ಅಡಿಕೆ ಮರ ಹಿಡಿಸುತ್ತವೆ ಎಂಬ ಲೆಕ್ಕವನ್ನು ಮಗ ಆಗಲೇ ಹಾಕಿ ಆಗಿದೆ.