ಗಂಜ್ ಇಲ್ಲದ ರಾಜ್ಯಗಳು

ಬೇರೊಂದು ಲೋಕದಲ್ಲಿ ಕಣ್ಣು ತೆರೆಯುವ ನಾಯಕ ಕುಸಿದ ರಾಜ್ಯವೊಂದನ್ನು ತನ್ನ ಆಧುನಿಕ ತಿಳಿವಳಿಕೆಯಿಂದ ಎತ್ತಿ ನಿಲ್ಲಿಸುತ್ತಾನೆ. ಜಪಾನ್, ಚೀನಾಗಳ ಅಂತರ್ಜಾಲದಲ್ಲಿ ಅಧ್ಯಾಯ ಅಧ್ಯಾಯವಾಗಿ ಬೆಳೆದ ಈ ಬಗೆಯ ಕಥೆಗಳನ್ನು ಹೊತ್ತು ಕಳೆಯುವ ಸರಕೆಂದು ತಳ್ಳಿಹಾಕುವುದು ಅನ್ಯಾಯ. ಯುದ್ಧ, ಪ್ರೇಮಗಳಲ್ಲೇ ಸುತ್ತುತ್ತಿದ್ದ ರಾಜರ ಕಥೆಗೆ ಇವು ಉಗ್ರಾಣ, ತೆರಿಗೆ, ರಸ್ತೆಗಳನ್ನು ತಂದವು. ದೊಜ್ಯೊಮಾರು ಬರೆದ ‘ಹೌ ಎ ರಿಯಲಿಸ್ಟ್ ಹೀರೋ ರೀಬಿಲ್ಟ್ ದಿ ಕಿಂಗ್‌ಡಮ್’ನಲ್ಲಿ ನಾಯಕ ಸೋಮಾ ಮೊದಲು ಎದುರಿಸುವುದು ರಾಕ್ಷಸರನ್ನಲ್ಲ, ಹಸಿವನ್ನು. ರೈತರು ಹತ್ತಿಗೆ ತಿರುಗಿದ್ದರಿಂದ ಕಾಳಿಗೆ ಕೊರತೆ ಬಿದ್ದಿರುತ್ತದೆ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಸೀಮೆಯಲ್ಲಿ ಹೆಸರು, ಉದ್ದು, ಜೋಳದ ಎಷ್ಟೋ ಹೊಲಗಳಿಗೆ ಸೋಯಾ ಬಂದದ್ದನ್ನು ಕಂಡವರಿಗೆ ಈ ಬಿಕ್ಕಟ್ಟು ಹೊಸದಲ್ಲ.

ಆದರೆ ಬಿಕ್ಕಟ್ಟು ನಿಜವೆನಿಸಿದಷ್ಟು ಪರಿಹಾರ ನಿಜವೆನಿಸುವುದಿಲ್ಲ. ಸೋಮಾನ ಆಜ್ಞೆ ಹೊರಡುತ್ತದೆ, ಬೆಳೆ ಬದಲಾಗುತ್ತದೆ. ಬೀದರಿನ ಧಾನ್ಯ ಮಾರುಕಟ್ಟೆಯಾದ ಗಾಂಧಿ ಗಂಜಿನಲ್ಲಿ ಒಂದು ಚೀಲ ಸೋಯಾದ ಧಾರಣೆ ನಿಲ್ಲಬೇಕಾದರೂ ತೇವಾಂಶದ ತಕರಾರು, ದಲ್ಲಾಳಿ ಅಡತ್ಯಾನ ಸಾಲ, ಹಮಾಲರ ಕೂಲಿ, ಖರೀದಿದಾರನ ಲೆಕ್ಕ, ಎಲ್ಲವೂ ಅಡ್ಡ ಬರುತ್ತವೆ. ಅಲ್ಲಿ ಯಾರೂ ಮೂರ್ಖರಲ್ಲ. ಒಬ್ಬೊಬ್ಬರಿಗೂ ಅವರವರ ಕಾರಣಗಳಿವೆ. ಈ ಕಾದಂಬರಿಗಳಲ್ಲಿ ಕಾಣೆಯಾಗಿರುವುದು ಆ ಕಾರಣಗಳೇ. ಸೋಮಾನ ವಿರುದ್ಧ ದಂಗೆಯೇಳುವ ಸೇನಾನಿ ಜಾರ್ಜ್ ಕಾರ್ಮೈನ್ ಕೊನೆಗೆ ಭ್ರಷ್ಟ ಸಾಮಂತರನ್ನು ಒಂದೆಡೆ ಸೆಳೆಯಲು ಬಂಡಾಯ ನಟಿಸಿದವನೆಂದು ತಿಳಿಯುತ್ತದೆ. ಅಂದರೆ ವಿರೋಧಿ ಒಂದೋ ದುಷ್ಟ, ಇಲ್ಲವೇ ಗುಟ್ಟಿನ ಭಕ್ತ. ಪ್ರಾಮಾಣಿಕವಾಗಿ ಒಪ್ಪದಿರುವವನಿಗೆ ಅಲ್ಲಿ ಜಾಗ ಬಲು ಕಡಿಮೆ.

ಪರದೇಶಿ ಸುಧಾರಕನೊಬ್ಬ ರಾಜ್ಯ ಕಟ್ಟಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಬೀದರಿನಲ್ಲೇ ಸಾಕ್ಷಿಯಿದೆ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದ ಮಹಮೂದ್ ಗಾವಾನ್ ಬಹಮನಿ ರಾಜ್ಯದ ವಜೀರನಾದ. ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿ ಒಡೆದ, ಒಬ್ಬ ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆ ಉಳಿಸಿದ, ಭೂಮಿ ಅಳೆಸಿದ, 1472ರಲ್ಲಿ ಮದರಸಾ ಕಟ್ಟಿಸಿದ. ಜಾಲ ಕಾದಂಬರಿಯ ನಾಯಕನಿಗೆ ಇದಕ್ಕಿಂತ ಏನು ಬೇಕು? ಆದರೆ ಅಧಿಕಾರ ಕುಗ್ಗಿದ ಸರದಾರರಿಗೆ ಸಿಟ್ಟಿತ್ತು. ಹುದ್ದೆಗಳು ಹೊರಗಿನಿಂದ ಬಂದವರ ಪಾಲಾಗುತ್ತಿವೆ ಎಂಬ ಸ್ಥಳೀಯ ದಖನಿ ಸರದಾರರ ದೂರು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅವನ ಮುದ್ರೆಯಿದ್ದ ಒಂದು ನಕಲಿ ಪತ್ರ ಸಾಕಾಯಿತು. 1481ರಲ್ಲಿ ಸುಲ್ತಾನ ಮೂರನೆಯ ಮುಹಮ್ಮದ್ ಅವನ ತಲೆ ಕಡಿಸಿದ. ಹತ್ತು ವರ್ಷ ಕಳೆಯುವುದರೊಳಗೆ ಪ್ರಾಂತಗಳು ಒಂದೊಂದಾಗಿ ಕೈತಪ್ಪತೊಡಗಿದವು. ಗಾವಾನನಿಗೆ ಕೊರತೆಯಾದದ್ದು ಜ್ಞಾನವಲ್ಲ, ಒಪ್ಪಿಗೆ.

ಓದುಗ ಬಯಸುವುದೇ ಗೆಲುವಿನ ಸುಖವನ್ನು, ಇತಿಹಾಸದ ಕಹಿ ಅವನಿಗೇಕೆ ಎಂಬ ಆಕ್ಷೇಪ ಬರಬಹುದು. ನಿಜ, ದಿನವಿಡೀ ಸೋತು ಬಂದವನಿಗೆ ಕಥೆಯಲ್ಲಾದರೂ ಎಲ್ಲ ಸರಿಹೋಗಲಿ ಎನಿಸುವುದು ಸಹಜ, ಆ ಆಸೆಗೆ ನನ್ನ ಗೌರವವಿದೆ. ಆದರೆ ಎದುರಾಳಿಗೂ ನ್ಯಾಯವಿದ್ದಾಗಲೇ ಗೆಲುವಿಗೆ ರುಚಿ. ಮಾಯೆಯ ಲೋಕಕ್ಕೆ ನಮ್ಮ ಲೋಕದ ನಿಯಮ ಹೇರಬಾರದು ಎನ್ನುವವರೂ ಇದ್ದಾರೆ. ಮಂತ್ರದಿಂದ ಗೋಡೆ ಏಳಲಿ, ಚೀನೀ ಕಾದಂಬರಿ ‘ರಿಲೀಸ್ ದಟ್ ವಿಚ್’ನ ರೋಲಂಡ್ ಮಾಟಗಾತಿಯರ ನೆರವಿನಿಂದ ಉಗಿಯಂತ್ರ ಮಾಡಲಿ, ತಕರಾರಿಲ್ಲ. ಮನುಷ್ಯರ ಭಿನ್ನಮತವನ್ನೂ ಅದೇ ಮಂತ್ರದಿಂದ ಅಳಿಸಿದರೆ ಉಳಿಯುವುದು ರಾಜ್ಯವಲ್ಲ, ನಕ್ಷೆ.

ಭಿನ್ನಮತಕ್ಕೂ ಜಾಗವಿಟ್ಟು ರಾಜ್ಯದ ಕಥೆ ಹೇಳುವ ದಾರಿ ಕನ್ನಡಕ್ಕೆ ಹೊಸದೇನಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಕಲ್ಯಾಣ ಇದೇ ಬೀದರ್ ಜಿಲ್ಲೆಯಲ್ಲಿದೆ. ಅದನ್ನು ಕುರಿತ ಬಿ. ಪುಟ್ಟಸ್ವಾಮಯ್ಯನವರ ಕಾದಂಬರಿ ‘ಕ್ರಾಂತಿ ಕಲ್ಯಾಣ’ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪ್ರತಿಲಿಪಿಯಂಥ ವೇದಿಕೆಗಳಲ್ಲಿ ಧಾರಾವಾಹಿ ಬರೆಯುತ್ತಿರುವ ತರುಣರು ತಮ್ಮ ಕಲ್ಪನೆಯ ರಾಜ್ಯಕ್ಕೆ ಕೋಟೆ ಕಟ್ಟುವ ಮೊದಲು ಸುಗ್ಗಿಯ ಕಾಲದಲ್ಲಿ ಒಮ್ಮೆ ಗಾಂಧಿ ಗಂಜಿಗೆ ಹೋಗಿ, ಒಂದು ಧಾರಣೆಗಾಗಿ ಎಷ್ಟು ಜನ ವಾದಿಸುತ್ತಾರೆ ಎಂದು ಕೇಳಿಸಿಕೊಳ್ಳಲಿ.