ಟ್ರಂಪೆಟ್ಟಿನ ಬಾಯಿ ಕಟ್ಟುವ ಕಲೆ

ಮ್ಯೂಟ್ ಎಂದರೆ ಟಿವಿ ರಿಮೋಟಿನ ಗುಂಡಿ ಎಂದುಕೊಂಡವರಿಗೆ ಜಾಝ್ ಟ್ರಂಪೆಟ್ ವಾದಕರ ಚೀಲ ಬಿಚ್ಚಿ ತೋರಿಸಬೇಕು. ಶಂಕುವಿನಾಕಾರದ ಸ್ಟ್ರೇಟ್ ಮ್ಯೂಟ್, ಅದರ ತುದಿಗೆ ಬಟ್ಟಲು ಕೂಡಿಸಿದ ಕಪ್ ಮ್ಯೂಟ್, ಒಳಗೆಲ್ಲ ಟೊಳ್ಳಾದ ಹಾರ್ಮನ್ ಮ್ಯೂಟ್. ಜೊತೆಗೊಂದು ಪ್ಲಂಜರ್. ಕಟ್ಟಿಕೊಂಡ ಸಿಂಕ್ ಬಿಡಿಸಲು ಪ್ಲಂಬರ್ ತರುತ್ತಾನಲ್ಲ, ಅದೇ; ಹಿಡಿ ಕಿತ್ತು ರಬ್ಬರ್ ಬಟ್ಟಲನ್ನಷ್ಟೇ ಇಟ್ಟುಕೊಂಡಿರುತ್ತಾರೆ. (ಹೊಸದನ್ನೇ ಕೊಳ್ಳುತ್ತಾರೆಂದು ನಂಬೋಣ.)

ಸದ್ದು ತಗ್ಗಿಸುವುದಷ್ಟೇ ಉದ್ದೇಶವಾಗಿದ್ದರೆ ಮೆಲ್ಲಗೆ ಊದಿದರೆ ಸಾಕಿತ್ತು. ಟ್ರಂಪೆಟ್ಟಿನ ಬಾಯಿಗೆ ಸಿಕ್ಕಿಸುವ ಮ್ಯೂಟ್ ನಾದದ ಬಣ್ಣವನ್ನೇ ಬದಲಿಸುತ್ತದೆ. ಸ್ಟ್ರೇಟ್ ಮ್ಯೂಟಿನ ಮೈಗೆ ಮೂರು ಕಾರ್ಕ್ ಪಟ್ಟಿ ಅಂಟಿಸಿರುತ್ತಾರೆ, ಅವುಗಳ ನಡುವಿನ ಸಂದಿಯಲ್ಲಿ ಗಾಳಿ ನುಸುಳುತ್ತದೆ. ನಾದದ ಕೆಳಗಿನ ಗಾತ್ರ ಕರಗಿ, ಮೇಲಿನ ಚುರುಕು ಉಳಿಯುತ್ತದೆ. ಹಾರ್ಮನ್‌ನಲ್ಲಿ ಕಾರ್ಕ್ ಸುತ್ತಲೂ ಇರುವುದರಿಂದ ಸಂದಿಯೇ ಇಲ್ಲ. ಊದಿದ್ದೆಲ್ಲ ಆ ಟೊಳ್ಳಿನ ಮೂಲಕವೇ ಹೊರಬರಬೇಕು. ಅದರ ನಡುವಿನ ಪುಟ್ಟ ಕೊಳವೆಯ ಬಾಯನ್ನು ಅಂಗೈಯಿಂದ ಮುಚ್ಚಿ ತೆರೆದರೆ 'ವಾ-ವಾ' ಎನ್ನುತ್ತದೆ.

ಮೈಲ್ಸ್ ಡೇವಿಸ್ ಆ ಕೊಳವೆಯನ್ನೇ ಕಿತ್ತು ಪಕ್ಕಕ್ಕಿಟ್ಟ. ಮ್ಯೂಟ್ ಹಾಕಿದ ಟ್ರಂಪೆಟ್ಟನ್ನು ಮೈಕಿಗೆ ತೀರ ಹತ್ತಿರ ಹಿಡಿದು ಊದಿದ. ಡ್ರಮ್ಮಿನೆದುರು ಮೈಕಿಲ್ಲದೆ ಈ ನಾದ ನಿಲ್ಲುವಂಥದ್ದಲ್ಲ; ಹಾಗಾಗಿ ಇದನ್ನು ಟ್ರಂಪೆಟ್ಟೂ ಮೈಕೂ ಸೇರಿ ಹುಟ್ಟಿಸಿದ ಮೂರನೆಯ ವಾದ್ಯವೆಂದೇ ನಾನು ಲೆಕ್ಕ ಹಾಕುತ್ತೇನೆ. ಆಮೇಲೆ ಬಂದವರು ಎಷ್ಟೋ ಮಂದಿ ಕೊಳವೆ ಕಿತ್ತರು. ಮೈಲ್ಸ್ ಸ್ವರಗಳ ನಡುವೆ ಬಿಡುತ್ತಿದ್ದ ಬಿಡುವು ಮಾತ್ರ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ.

ಪ್ಲಂಜರಿನ ಮನೆತನ ಬೇರೆ, ಅದು ಡ್ಯೂಕ್ ಎಲಿಂಗ್ಟನ್‌ನ ವಾದ್ಯವೃಂದದ್ದು. 1920ರ ದಶಕದಲ್ಲಿ ಅಲ್ಲಿ ಬಬರ್ ಮೈಲಿ ಗಂಟಲಲ್ಲೇ ಗುರುಗುಟ್ಟುತ್ತ, ಪ್ಲಂಜರ್ ಆಡಿಸುತ್ತ ಟ್ರಂಪೆಟ್ಟಿನಿಂದ ಮಾತಾಡಿಸಿದ. 1929ರಲ್ಲಿ ಅವನ ಜಾಗಕ್ಕೆ ಬಂದ ಕೂಟಿ ವಿಲಿಯಮ್ಸ್ ಆ ವಿದ್ಯೆಯನ್ನು ಕಲಿತು ಇನ್ನಷ್ಟು ಬೆಳೆಸಿದ. ಅವನಿಗೆಂದೇ ಎಲಿಂಗ್ಟನ್ 1940ರಲ್ಲಿ 'ಕನ್ಸರ್ಟೊ ಫಾರ್ ಕೂಟಿ' ಧ್ವನಿಮುದ್ರಿಸಿದ. ಮೂರು ನಿಮಿಷ ಚಿಲ್ಲರೆಯ ರಚನೆ. ಒಂದೇ ಪುಟ್ಟ ಪಲುಕನ್ನು ಕೂಟಿ ಮ್ಯೂಟಿನಲ್ಲಿ ಒಮ್ಮೆ ಬಿಗಿಯಾಗಿ, ಒಮ್ಮೆ ಗುರ್ರೆಂದು ತಿರುಗಿಸಿ ತಿರುಗಿಸಿ ಹೇಳುತ್ತಾನೆ. ನಡುವೆ ಶ್ರುತಿ ಬದಲಾಗುತ್ತದೆ, ಮ್ಯೂಟ್ ತೆಗೆಯುತ್ತಾನೆ, ಹಿತ್ತಾಳೆ ಪೂರ್ತಿ ಬಾಯಿಬಿಡುತ್ತದೆ. ಅಷ್ಟು ಹೊತ್ತು ಅದುಮಿಟ್ಟಿದ್ದರಿಂದಲೇ ಆ ಜಾಗಕ್ಕೆ ಅಷ್ಟು ಬಲ.

ಮೈಲ್ಸ್‌ನ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ 'ಆಲ್ ಬ್ಲೂಸ್'ನಲ್ಲೂ ಇದೇ ಜಾಣ್ಮೆ: ಪಲ್ಲವಿಗೆ ಹಾರ್ಮನ್, ಮನೋಧರ್ಮಕ್ಕೆ ತೆರೆದ ಟ್ರಂಪೆಟ್. ಕೂಟಿಯನ್ನು ಮೊದಲು ಕೇಳಿ, ಆಮೇಲೆ ಇದನ್ನು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಬೇಡ. ಅದರಲ್ಲಿ ತೆರೆದ ಟ್ರಂಪೆಟ್ಟೂ ಮ್ಯೂಟ್ ಹಾಕಿದಂತೆಯೇ ಕೇಳಿಸುತ್ತದೆ.