ಕಾಣದ ಬೆಳಕಿನ ಆಜ್ಞೆ

ಡಿವಿಡಿ ರೆಕಾರ್ಡರ್‌ಗಳ ಕಾಲದಲ್ಲಿ ಅಮೆರಿಕದ ಮನೆಗಳಲ್ಲಿ ಕಾರ್ಯಕ್ರಮವೊಂದನ್ನು ಹೊತ್ತಿಗೆ ಸರಿಯಾಗಿ ಮುದ್ರಿಸಿಕೊಳ್ಳಲು ಎರಡು ಯಂತ್ರಗಳಿಗೆ ಸಮಯ ಹೇಳಿಡಬೇಕಿತ್ತು. ಚಾನೆಲ್ ಬದಲಿಸುವುದು ಕೇಬಲ್ ಬಾಕ್ಸ್, ಮುದ್ರಿಸುವುದು ರೆಕಾರ್ಡರ್. ಒಂದು ಮರೆತರೂ ಇನ್ನೊಂದರ ದುಡಿಮೆ ವ್ಯರ್ಥ.

ಇದಕ್ಕೆ ಸಿಕ್ಕ ಸೊಗಸಾದ ಪರಿಹಾರ ಐಆರ್ ಬ್ಲಾಸ್ಟರ್: ಕೇಬಲ್ ಬಾಕ್ಸ್‌ನಿಂದ ಹೊರಡುವ ತೆಳು ತಂತಿ, ಅದರ ತುದಿಯಲ್ಲಿ ಕಡಲೆಕಾಳಿನಷ್ಟು ಎಲ್‌ಇಡಿ. ರೆಕಾರ್ಡರ್‌ನ ರಿಮೋಟ್ ಕಿಂಡಿಯೆದುರು ಅದನ್ನು ಅಂಟಿಸಿದರೆ ಸಾಕು. ಹೊತ್ತಾದಾಗ ಬಾಕ್ಸ್ ತಾನೇ ಚಾನೆಲ್ ಹಾಕಿ, ರೆಕಾರ್ಡರ್‌ನ ರಿಮೋಟ್ ಆಡುವ ಭಾಷೆಯಲ್ಲೇ ‘ಶುರುಮಾಡು’ ಎನ್ನುತ್ತದೆ. ಮುಗಿದಾಗ ‘ನಿಲ್ಲಿಸು’ ಎನ್ನುತ್ತದೆ. ಆ ಭಾಷೆ ಅವಗೆಂಪು (ಇನ್‌ಫ್ರಾರೆಡ್, ಅಂದರೆ ಐಆರ್) ಬೆಳಕಿನ ಮಿಣುಕು. ಹೆಚ್ಚು ಬಳಕೆಯ ಎನ್‌ಇಸಿ ಪದ್ಧತಿಯಲ್ಲಿ ಬೆಳಕು ಸೆಕೆಂಡಿಗೆ 38,000 ಸಲ ಮಿಡಿಯುತ್ತದೆ. 32 ಬಿಟ್‌ಗಳ ಒಂದು ಆಜ್ಞೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಮೊದಲೇ ಮುಗಿಯುತ್ತದೆ.

ಈ ಜಾಣ್ಮೆ ಹಳೆಯದು. 1990ರಲ್ಲಿ ಬಂದ ವಿಸಿಆರ್ ಪ್ಲಸ್ ಸಾಧನಕ್ಕೆ ಪತ್ರಿಕೆಯಲ್ಲಿ ಅಚ್ಚಾದ, ಕಾರ್ಯಕ್ರಮದ ಸಂಕೇತಸಂಖ್ಯೆ ಒತ್ತಿದರೆ, ಅದು ವಿಸಿಆರ್ ಮತ್ತು ಕೇಬಲ್ ಬಾಕ್ಸ್ ಎರಡಕ್ಕೂ ಅವಗೆಂಪು ಆಜ್ಞೆ ಕಳಿಸುತ್ತಿತ್ತು.

ಮಿತಿಯೂ ಉಂಟು. ಮಾತು ಏಕಮುಖಿ, ಕೇಳಿಸಿತೇ ಎಂದು ತಿಳಿಯದು. ಪವರ್ ಗುಂಡಿ ಒಂದೇ ಇದ್ದರೆ, ಆಗಲೇ ಎಚ್ಚರವಿರುವ ರೆಕಾರ್ಡರ್ ಅದೇ ಆಜ್ಞೆಗೆ ಮಲಗಿಬಿಡುತ್ತದೆ. ಹಾಗಾಗಿ ಡಿಸ್ಕ್ ಹಾಕಿ, ಸರಿಯಾದ ಇನ್‌ಪುಟ್ ಆರಿಸಿ ಸಿದ್ಧವಾಗಿಡುವುದು ಬಳಸುವವರ ಪಾಲಿನ ಕೆಲಸ.

ಆದರೂ ಬೇರೆಬೇರೆ ಕಂಪನಿಗಳ ಯಂತ್ರಗಳನ್ನು ಬಿಚ್ಚದೆ, ಬದಲಿಸದೆ ಒಂದುಗೂಡಿಸಿದ ಈ ವಿನಯದ ಎಂಜಿನಿಯರಿಂಗ್ ನಿಜಕ್ಕೂ ದೊಡ್ಡದು. ಇಂದು ಫೋನಿನಿಂದ ಹಳೆಯ ಎಸಿ ನಡೆಸುವವರು ನೆಚ್ಚಿರುವುದೂ ಇದೇ ಬೆಳಕನ್ನು.